ಎಸ್‌ಟಿ ಎದ್ದ ರಾತ್ರಿಗಳಿಗಾಗಿ, ಪುಟ್ಟಿಗೆ

ಪ್ರೀತಿಯ ಪುಟ್ಟೀ,

ಸಾಗರದಲ್ಲಿ ನಾವೆಲ್ಲ ಕ್ಷೇಮ. ಅಡಿಕೆ ಕೊಯ್ಲು ಶುರುವಾಗಿದೆ. ಸುಲಿಯುವವರು ರಾತ್ರಿ ತಡವಾಗುವವರೆಗೂ ಕೂತಿರುತ್ತಾರೆ, ನಿನ್ನ ಅಮ್ಮನಿಗೆ ಚಹಾ ಕಾಯಿಸುವುದೇ ಕೆಲಸ. ನಿನ್ನಪ್ಪ ಬಿಪಿ ಮಾತ್ರೆ ನುಂಗಿಯೇ ತೋಟಕ್ಕೆ ಇಳಿಯುತ್ತಾನೆ. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು, ನೀನು ಯೋಚನೆ ಮಾಡಬೇಡ.

ನಿನ್ನ ಕಾಗದ ಓದಿ ಮನಸ್ಸು ಅಲ್ಲಿಗೇ ಬಂದುಬಿಟ್ಟಿತು. ರಾತ್ರಿ ಪಾಳಿಯಲ್ಲಿ ಇಡೀ ತಾಲ್ಲೂಕು ಆಸ್ಪತ್ರೆಗೆ ನೀನೊಬ್ಬಳೇ ಡಾಕ್ಟರು. ಎದೆನೋವೆಂದು ಬಂದವರ ಇಸಿಜಿಯಲ್ಲಿ ಎಸ್‌ಟಿ ಎದ್ದದ್ದು ಕಂಡರೆ, ಲೈಸ್ ಮಾಡಿ, ಅಂದರೆ ಹೆಪ್ಪು ಕರಗಿಸುವ ಔಷಧಿ ಕೊಟ್ಟು ಯಾರನ್ನಾದರೂ ಕೊಂದೇನೋ, ಮಾಡದೆ ಕೊಂದೇನೋ ಎಂದು ಕೈ ತಣ್ಣಗಾಗುತ್ತದೆ ಎಂದು ಬರೆದಿದ್ದೀಯ. ಎರಡೂ ಕಡೆಯ ಅಪಾಯ ಗೊತ್ತಿದ್ದವರಿಗೇ ಆ ಭಯ ಬರುವುದು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿ ಕಂಡದ್ದನ್ನು ಬರೆಯುತ್ತೇನೆ. ಪುಸ್ತಕದಲ್ಲಿ ನೀನು ಓದಿದ್ದೇ ಹೆಚ್ಚಿನದು. ಆದರೂ ಮನೆಯವರ ಬಾಯಿಂದ ಕೇಳಿದರೆ ಧೈರ್ಯ ಬೇರೆ.

ಮೊದಲು ಆ ಗೆರೆ ಏಕೆ ಏಳುತ್ತದೆ ಎಂಬುದು ಮನಸ್ಸಿಗೆ ಇಳಿಯಲಿ. ಕಾರಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದರೆ ನಡುರಾತ್ರಿ ಅದು ಮರೆತುಹೋಗುತ್ತದೆ. ಕ್ಯೂಆರ್‌ಎಸ್ ಎಂದರೆ ಹೃದಯದ ಕೆಳಕೋಣೆಗಳಿಗೆ ವಿದ್ಯುತ್ತು ಹರಡುವ ಹೊತ್ತು. ಅದು ಮುಗಿದು ಟಿ ಅಲೆ ಬರುವವರೆಗೆ ಸ್ನಾಯುವಿನ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಮಟ್ಟದಲ್ಲಿ ವ್ಯತ್ಯಾಸ ಇಲ್ಲದ ಮೇಲೆ ಹರಿವೂ ಇಲ್ಲ, ಹಾಗಾಗಿ ಎಸ್‌ಟಿ ಸಮತಟ್ಟು. ರಕ್ತನಾಳ ಕಟ್ಟಿಕೊಂಡರೆ ಆ ಭಾಗದ ಕೋಶಗಳಿಗೆ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಪೆಟ್ಟು ತಿಂದ ಭಾಗಕ್ಕೂ ಗಟ್ಟಿಯಾಗಿರುವ ಭಾಗಕ್ಕೂ ನಡುವೆ ವಿದ್ಯುತ್ತು ಹರಿಯತೊಡಗುತ್ತದೆ, ಹೃದಯ ವಿರಮಿಸುವಾಗಲೂ ಹರಿಯುತ್ತದೆ. ಆಗ ವಿರಾಮದ ಗೆರೆಯೇ ಕೆಳಗೆ ಜಾರುತ್ತದೆ. ಇಸಿಜಿ ಯಂತ್ರ ಆ ಜಾರಿದ ಗೆರೆಯನ್ನೇ ಸೊನ್ನೆಯೆಂದು ಹಿಡಿಯುವುದರಿಂದ ಎಸ್‌ಟಿ ಮೇಲೆದ್ದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ಎದ್ದು ನಿಂತಂತೆ ಕಾಣುತ್ತಿದ್ದವಲ್ಲ, ಹಾಗೆ. ಇದಲ್ಲದೆ ಪೆಟ್ಟು ತಿಂದ ಕೋಶಗಳು ಬಡಿತದ ನಡುವೆಯೇ ಬೇಗ ಸೋತುಬಿಡುವುದರಿಂದ ಎಸ್‌ಟಿ ನಿಜವಾಗಿಯೂ ಒಂದಿಷ್ಟು ಏಳುತ್ತದೆ. ನೀನು ಕಾಗದದ ಮೇಲೆ ಕಾಣುವುದು ಎರಡೂ ಸೇರಿದ್ದು.

ಇಷ್ಟು ಅರ್ಥವಾದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಹೃದಯದ ಒಂದು ಕಡೆಗೂ ಇನ್ನೊಂದು ಕಡೆಗೂ ಮಟ್ಟ ತಪ್ಪಿಸುವ ಯಾವುದೇ ಕಾರಣ ಎಸ್‌ಟಿಯನ್ನು ಎತ್ತಬಲ್ಲದು. ರಕ್ತನಾಳ ಕಟ್ಟಿರಬಹುದು, ಹೃದಯದ ಹೊರಪೊರೆಗೆ ಉರಿಯೂತ ಬಂದಿರಬಹುದು, ಸ್ನಾಯು ದಪ್ಪವಾಗಿರಬಹುದು, ವಿದ್ಯುತ್ತಿನ ದಾರಿ ಬದಲಾಗಿರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಿರಬಹುದು. ಗೆರೆ ಹೇಳುವುದು ಮಟ್ಟ ತಪ್ಪಿದೆ ಎಂದಷ್ಟೇ. ಏಕೆ ತಪ್ಪಿತು ಎಂಬುದನ್ನು ಮಂಚದ ಮೇಲಿರುವ ಮನುಷ್ಯನಿಂದ ನೀನು ಕೇಳಿ ತಿಳಿಯಬೇಕು.

ಈ ಗೆರೆಗೂ ಒಂದು ಚರಿತ್ರೆಯಿದೆ. ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ ಎಂಬ ವೈದ್ಯರು 1920ರಲ್ಲಿ, ಹೃದಯದ ರಕ್ತನಾಳ ಕಟ್ಟಿದ ರೋಗಿಯಲ್ಲಿ ಈ ಗೆರೆ ಏಳುವುದನ್ನು ಗುರುತಿಸಿ ಬರೆದರು. ಇಸಿಜಿ ಯಂತ್ರ ಕಟ್ಟಿದ ಐಂಥೋವನ್ನರಿಗೆ ನೊಬೆಲ್ ಬಂದದ್ದು ಅದಾದ ಮೇಲೆ, 1924ರಲ್ಲಿ. ಆದರೆ ಗುರುತು ಸಿಕ್ಕ ಮೇಲೂ ಬಹಳ ವರ್ಷ ಆ ಗೆರೆ ನೋಡಿ ವೈದ್ಯರು ಮಾಡಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಆ್ಯಸ್ಪಿರಿನ್ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎರಡೂ ಸೇರಿ ಜೀವ ಉಳಿಸುತ್ತವೆ ಎಂದು 17,000ಕ್ಕೂ ಹೆಚ್ಚು ರೋಗಿಗಳಲ್ಲಿ ಐಸಿಸ್-2 ಪರೀಕ್ಷೆ ತೋರಿಸಿದ್ದು 1988ರಲ್ಲಿ. ನಿನ್ನ ಅಜ್ಜ ಅದಕ್ಕೂ ಮೊದಲು ಎದೆನೋವಿನಲ್ಲೇ ಹೋದರು. ವಿಶ್ರಾಂತಿ, ಆಕ್ಸಿಜನ್, ನೋವಿನ ಇಂಜೆಕ್ಷನ್, ಅಷ್ಟೇ ಅವರಿಗೆ ಸಿಕ್ಕ ಚಿಕಿತ್ಸೆ. ಆಗ ಇದ್ದದ್ದೇ ಅಷ್ಟು. ನಿನ್ನ ಬೀರುವಿನಲ್ಲಿ ಇವತ್ತು ಏನಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ಅವರ ಮುಖ ನೆನಪಾಗುತ್ತದೆ.

ಅಳತೆಯ ಮಾತಿಗೆ ಬರುತ್ತೇನೆ. ಜೆ ಬಿಂದುವಿನಲ್ಲಿ ಅಳೆ, ಅಂದರೆ ಕ್ಯೂಆರ್‌ಎಸ್ ಮುಗಿದು ಎಸ್‌ಟಿ ಶುರುವಾಗುವಲ್ಲಿ. ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಒಂದು ಮಿಲಿಮೀಟರ್ ಎದ್ದರೆ ಲೆಕ್ಕಕ್ಕೆ ತಗೋ. ವಿ2, ವಿ3 ಮಾತ್ರ ಬೇರೆ, ಅಲ್ಲಿ ಆರೋಗ್ಯವಂತರಲ್ಲೂ ಸ್ವಲ್ಪ ಎದ್ದಿರುತ್ತದೆ. ಹಾಗಾಗಿ 40 ದಾಟಿದ ಗಂಡಸರಿಗೆ 2 ಮಿಲಿಮೀಟರ್, 40ರ ಒಳಗಿನವರಿಗೆ 2.5, ಹೆಂಗಸರಿಗೆ 1.5. ಅಕ್ಕಪಕ್ಕ ಅಂದರೆ ಕಾಗದದ ಮೇಲಿನ ಅಕ್ಕಪಕ್ಕ ಅಲ್ಲ, ಹೃದಯದ ಮೇಲಿನದು. 2, 3, ಎವಿಎಫ್ ಒಟ್ಟಿಗೆ ಎದ್ದರೆ ಕೆಳಗೋಡೆ. ವಿ1ರಿಂದ ವಿ4 ಮುಂಗೋಡೆ. 1, ಎವಿಎಲ್, ವಿ5, ವಿ6 ಪಕ್ಕದ ಗೋಡೆ. ಹೀಗೆ ಒಂದು ರಕ್ತನಾಳದ ಸೀಮೆಗೆ ಹೊಂದುವಂತೆ ಎದ್ದಿದ್ದು, ಎದುರು ದಿಕ್ಕಿನ ಲೀಡ್‌ಗಳಲ್ಲಿ ಎಸ್‌ಟಿ ಕೆಳಗಿಳಿದಿದ್ದರೆ, ಎದೆನೋವಿನ ಮನುಷ್ಯನಲ್ಲಿ ಅದು ಹಾರ್ಟ್ ಅಟ್ಯಾಕ್ ಎಂದೇ ನಡೆದುಕೋ. ಟ್ರೋಪೋನಿನ್ ವರದಿಗೆ ಕಾಯಬೇಡ. ಅದು ಏರಲು ಗಂಟೆಗಳು ಬೇಕು.

ವಿ1, ವಿ2, ವಿ3ರಲ್ಲಿ ಎಸ್‌ಟಿ ಇಳಿದಿದ್ದು ಬೇರೆಲ್ಲೂ ಎದ್ದಿಲ್ಲವೆಂದರೆ ಬೆನ್ನ ಕಡೆಗೆ ಎಲೆಕ್ಟ್ರೋಡ್ ಇಟ್ಟು ವಿ7, ವಿ8, ವಿ9 ತೆಗೆದು ನೋಡು. ಹಿಂಗೋಡೆಯ ಅಟ್ಯಾಕ್ ಮುಂದಿನ ಲೀಡ್‌ಗಳಲ್ಲಿ ತಲೆಕೆಳಗಾಗಿ ಕಾಣುತ್ತದೆ. ಬೆನ್ನ ಮೇಲೆ ಅರ್ಧ ಮಿಲಿಮೀಟರ್ ಎದ್ದರೂ ಸಾಕು.

ನನ್ನ ಮನಸ್ಸಿನಿಂದ ಹೋಗದ ಒಬ್ಬ ಹೆಂಗಸಿದ್ದಾಳೆ. ಇಂಥದೇ ಕೊಯ್ಲಿನ ದಿನ, ಅಡಿಕೆ ಸುಲಿಯುತ್ತಿದ್ದವಳು ದವಡೆ ನೋವು, ವಾಂತಿ, ಮೈಯೆಲ್ಲ ಬೆವರು ಎಂದು ಬಂದಳು. ಎದೆಯಲ್ಲಿ ನೋವಿಲ್ಲ ಎಂದಳು. ಜೊತೆಗೆ ಬಂದವರು ಗ್ಯಾಸ್ಟ್ರಿಕ್ಕು, ಒಂದು ಇಂಜೆಕ್ಷನ್ ಕೊಡಿ, ಮನೆಗೆ ಹೋಗುತ್ತೇವೆ ಅಂದರು. ನಮ್ಮ ಕಡೆ ಆ ಮಾತಿಗೆ ಎಷ್ಟು ಜೀವ ಹೋಗಿವೆಯೋ. ಮೊದಲ ಇಸಿಜಿಯಲ್ಲಿ ಎಸ್‌ಟಿ ಎದ್ದಿರಲಿಲ್ಲ. 2, 3, ಎವಿಎಫ್‌ನಲ್ಲಿ ಟಿ ಅಲೆಗಳು ದಪ್ಪಗೆ ಉಬ್ಬಿದ್ದವು, ಎವಿಎಲ್‌ನಲ್ಲಿ ಎಸ್‌ಟಿ ಕೂದಲಷ್ಟು ಇಳಿದಿತ್ತು. ಕೆಳಗೋಡೆಯ ಲೀಡುಗಳು ಏಳುವ ಮೊದಲೇ ಎಷ್ಟೋ ಸಲ ಎವಿಎಲ್ ಮಾತಾಡುತ್ತದೆ. ಅವಳನ್ನು ಅಲ್ಲೇ ಮಲಗಿಸಿ, ಎಲೆಕ್ಟ್ರೋಡ್ ಕೀಳಬೇಡಿ ಎಂದು ಸಿಸ್ಟರಿಗೆ ಹೇಳಿ, ಕಾಲು ಗಂಟೆ ಬಿಟ್ಟು ಮತ್ತೆ ತೆಗೆಸಿದೆ. ಮೂರೂ ಲೀಡ್‌ಗಳಲ್ಲಿ ಎಸ್‌ಟಿ ಎದ್ದಿತ್ತು. 2ಕ್ಕಿಂತ 3ರಲ್ಲಿ ಹೆಚ್ಚು. ಹಾಗಿದ್ದರೆ ಬಲಗಡೆಯ ರಕ್ತನಾಳ, ಬಲ ಕೆಳಕೋಣೆಗೂ ಪೆಟ್ಟು ಬಿದ್ದಿರಬಹುದು ಎಂದು ವಿ4ರ ಎಲೆಕ್ಟ್ರೋಡನ್ನು ಬಲ ಎದೆಗೆ ಹಾಕಿಸಿದೆ. ಅಲ್ಲೂ ಎದ್ದಿತ್ತು. ಬಿಪಿ 90.

ಇಲ್ಲಿ ಗಟ್ಟಿಯಾಗಿ ಹೇಳುತ್ತೇನೆ ಕೇಳು. ಎದೆನೋವೆಂದರೆ ನಾಲಿಗೆಯಡಿಗೆ ಸಾರ್ಬಿಟ್ರೇಟ್ ಇಡುವುದು ನಮ್ಮ ಊರುಗಳಲ್ಲಿ ಡಾಕ್ಟರಿಲ್ಲದ ಮನೆಗೂ ಗೊತ್ತು. ಬಲ ಕೆಳಕೋಣೆ ಸೋತವರಿಗೆ ಆ ಮಾತ್ರೆ ಬಿಪಿಯನ್ನು ಪಾತಾಳಕ್ಕೆ ಇಳಿಸಬಹುದು. ಅವರ ಹೃದಯ ನಡೆಯುವುದೇ ಒಳಗೆ ತುಂಬಿ ಬರುವ ರಕ್ತದ ಬಲದ ಮೇಲೆ. ಅವರಿಗೆ ಬೇಕಾದದ್ದು ಸಲೈನು, ಶ್ವಾಸಕೋಶ ನೋಡಿಕೊಂಡು ಎಚ್ಚರದಿಂದ. ಕೆಳಗೋಡೆಯ ಅಟ್ಯಾಕ್ ಕಂಡಾಗಲೆಲ್ಲ ಬಲಗಡೆಯ ಲೀಡ್ ತೆಗೆಯುವುದನ್ನು ಅಭ್ಯಾಸ ಮಾಡಿಕೋ. ಆ ಹೆಂಗಸಿಗೆ ಆ್ಯಸ್ಪಿರಿನ್ ಅಗಿಯಲು ಕೊಟ್ಟೆವು, ಸಲೈನು ಹಾಕಿದೆವು, ಬಿಪಿ ಏರಿದ ಮೇಲೆ ಸ್ಟ್ರೆಪ್ಟೋಕೈನೇಸ್ 15 ಲಕ್ಷ ಯೂನಿಟ್ ಒಂದು ಗಂಟೆಯಲ್ಲಿ ಹೋಯಿತು. ಮತ್ತೆ ಇಸಿಜಿ ತೆಗೆದಾಗ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ನಾಳ ತೆರೆದದ್ದಕ್ಕೆ ನಮ್ಮಂಥ ಆಸ್ಪತ್ರೆಯಲ್ಲಿ ಸಿಗುವ ಸಾಕ್ಷಿ ಅದೇ. 60ರಿಂದ 90 ನಿಮಿಷದೊಳಗೆ ಅರ್ಧ ಇಳಿಯದಿದ್ದರೆ ಔಷಧಿ ಗೆದ್ದಿಲ್ಲವೆಂದು ತಿಳಿದು ತಕ್ಷಣ ಆಂಜಿಯೋಪ್ಲಾಸ್ಟಿ ಇರುವಲ್ಲಿಗೆ ಕಳಿಸು. ಗೆದ್ದರೂ ಕಳಿಸಲೇಬೇಕು, ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ನಾಚಿಕೆಗೆಂದು ರವಿಕೆಯ ಮೇಲಂಚಿಗೆ ಸಿಕ್ಕಲ್ಲಿ ಎಲೆಕ್ಟ್ರೋಡ್ ಅಂಟಿಸಿಬಿಡುತ್ತಾರೆ. ಗಂಡು ಸಿಬ್ಬಂದಿಯಾದರೆ ಅವರಿಗೂ ಸಂಕೋಚ. ವಿ1, ವಿ2 ಮೇಲಕ್ಕೆ ಹೋದರೆ ಇಲ್ಲದ ಆಕಾರ ಬರುತ್ತದೆ, ಇದ್ದದ್ದು ಮಸುಕಾಗುತ್ತದೆ. ಪರದೆ ಎಳೆಸು, ನೀನೇ ನಿಂತು ನಾಲ್ಕನೇ ಪಕ್ಕೆಲುಬಿನ ಸಂದು ಎಣಿಸಿ ಅಂಟಿಸು. ಮಾನಿಟರಿನಲ್ಲಿ ಎಸ್‌ಟಿ ಎದ್ದಿದೆ ಎಂದು ಯಾರಾದರೂ ಕೂಗಿದರೆ ಹನ್ನೆರಡು ಲೀಡಿನ ಇಸಿಜಿ ತೆಗೆಯದೆ ತೀರ್ಮಾನ ಬೇಡ. ಮಾನಿಟರಿನ ಫಿಲ್ಟರು ಎಸ್‌ಟಿಯನ್ನು ತಿರುಚುತ್ತದೆ.

ಈಗ ಅಟ್ಯಾಕ್ ಅಲ್ಲದ ಎಸ್‌ಟಿಗಳ ಮಾತು. ನಿನ್ನಪ್ಪನ ಕತೆ ನಿನಗೆ ಪೂರ್ತಿ ಹೇಳಿರಲಿಲ್ಲ, ಪರೀಕ್ಷೆಯ ಹೊತ್ತಿನಲ್ಲಿ ಹೆದರಿಸುವುದು ಬೇಡ ಅಂತ. ಒಂದು ತಪಾಸಣಾ ಶಿಬಿರದಲ್ಲಿ ಅವನ ಇಸಿಜಿ ತೆಗೆದರು. ಯಂತ್ರ ಕಾಗದದ ಮೇಲೆ ಅಕ್ಯೂಟ್ ಎಂಐ ಎಂದು ಅಚ್ಚು ಹಾಕಿಬಿಟ್ಟಿತು. ನಿನ್ನ ಅಮ್ಮ ಅಲ್ಲೇ ಕುಸಿದು ಕೂತಳು. ನನ್ನ ತಮ್ಮನನ್ನು ನೋಡಿದೆ, ಬೆವರಿಲ್ಲ, ನೋವಿಲ್ಲ, ಗುಡ್ಡ ಹತ್ತಿ ಬಂದವನು. ಕಾಗದ ನೋಡಿದೆ. ವಿ2, ವಿ3ರಲ್ಲಿ ಎಸ್‌ಟಿ ಎದ್ದಿತ್ತು ನಿಜ. ಆದರೆ ಅಲ್ಲಿ ಎಸ್ ಅಲೆ ಬಾವಿಯಷ್ಟು ಆಳ, ವಿ5, ವಿ6ರಲ್ಲಿ ಆರ್ ಅಲೆ ಎತ್ತರ. ವರ್ಷಗಟ್ಟಲೆ ಬಿಪಿಯಿಂದ ಎಡ ಕೆಳಕೋಣೆ ದಪ್ಪಗಾದವರಲ್ಲಿ ಹೀಗೇ ಇರುತ್ತದೆ. ಎಸ್ ಎಷ್ಟು ಆಳವೋ ಎಸ್‌ಟಿ ಅಷ್ಟು ಎತ್ತರ. ಟ್ರಂಕಿನಲ್ಲಿದ್ದ ಅವನ ಹಳೆಯ ಇಸಿಜಿ ತೆಗೆದು ಪಕ್ಕದಲ್ಲಿಟ್ಟರೆ ಎರಡೂ ಒಂದೇ. ಎಕೋದಲ್ಲಿ ಗೋಡೆ ದಪ್ಪವಾಗಿರುವುದು ಕಂಡಿತು. ಅವನಿಗೆ ಬೇಕಾದದ್ದು ಬಿಪಿ ಮಾತ್ರೆ ಮತ್ತು ಉಪ್ಪಿನಕಾಯಿ ಕಡಿಮೆ ಮಾಡುವುದು. ಹಳೆಯ ಇಸಿಜಿಯಷ್ಟು ಒಳ್ಳೆಯ ಸಲಹೆಗಾರ ಇನ್ನೊಬ್ಬನಿಲ್ಲ. ಆ ಕಾಗದ ಬಿಸಿಗೆ, ಬೆಳಕಿಗೆ ಮಾಸುತ್ತದೆ. ನಿನ್ನಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಲು ಹೇಳು.

2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಲ್ಲಿ ಹೋದಾಗ ನೀನಿನ್ನೂ ಓದುತ್ತಿದ್ದೆ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಹೃದಯ ತೋರಿಸಲು ಬಂದವರ ಸಾಲು ನಿಂತಿತು. ಅಂಥ ಹೊತ್ತಿನಲ್ಲಿ ಗಟ್ಟಿಮುಟ್ಟಾದ ಹುಡುಗರ ಇಸಿಜಿ ನೋಡಿದರೆ ಎಷ್ಟೋ ಮಂದಿಯಲ್ಲಿ ಎಸ್‌ಟಿ ಸ್ವಲ್ಪ ಎದ್ದೇ ಇರುತ್ತದೆ. ಅರ್ಲಿ ರಿಪೋಲರೈಸೇಶನ್ ಅಂತ ಓದಿದ್ದೀಯಲ್ಲ. ಜೆ ಬಿಂದುವಿನಲ್ಲಿ ಸಣ್ಣ ಮುಳ್ಳು, ಅಲ್ಲಿಂದ ಮೇಲ್ಮುಖವಾಗಿ ಬಾಗಿದ ಎಸ್‌ಟಿ, ವಿ3, ವಿ4ರಲ್ಲಿ ಹೆಚ್ಚು, ಎದುರು ಲೀಡ್‌ಗಳಲ್ಲಿ ಇಳಿತವಿಲ್ಲ, ಕಾಲು ಗಂಟೆ ಬಿಟ್ಟು ತೆಗೆದರೂ ಬದಲಾಗಿಲ್ಲ. ಅವರಿಗೆ ಒಂದೆರಡು ಒಳ್ಳೆಯ ಮಾತು ಹೇಳಿ ಕಳಿಸು. ಆದರೆ ಬಾಗಿದ ಆಕಾರ ನೋಡಿದ ಮಾತ್ರಕ್ಕೆ ನಿರಾಳವಾಗಬೇಡ. ಮುಂಗೋಡೆಯ ಅಟ್ಯಾಕ್ ಶುರುವಿನಲ್ಲಿ ಹೀಗೇ ಬಾಗಿರುವುದುಂಟು. ನಮ್ಮ ದೇಶದಲ್ಲಿ ಚಿಕ್ಕವಯಸ್ಸು ಯಾರಿಗೂ ರಕ್ಷೆಯಲ್ಲ. ನೋವಿದ್ದರೆ ಮತ್ತೆ ತೆಗೆ, ಮತ್ತೂ ತೆಗೆ. ಕಟ್ಟಿಕೊಳ್ಳುತ್ತಿರುವ ನಾಳದ ಇಸಿಜಿ ನಿಂತಲ್ಲಿ ನಿಲ್ಲುವುದಿಲ್ಲ.

ಹೊರಪೊರೆಯ ಉರಿಯೂತ, ಅಂದರೆ ಪೆರಿಕಾರ್ಡೈಟಿಸ್, ನಿನಗೆ ಹೆಚ್ಚು ಗೊಂದಲ ಮಾಡೀತು. ವಾರದ ಹಿಂದೆ ಜ್ವರ ಬಂದಿದ್ದ ಹುಡುಗ, ಮಲಗಿದರೆ ನೋವು ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಹಾಯೆನಿಸುತ್ತದೆ. ಎಸ್‌ಟಿ ಹೆಚ್ಚುಕಡಿಮೆ ಎಲ್ಲ ಲೀಡ್‌ಗಳಲ್ಲೂ ಎದ್ದಿರುತ್ತದೆ, ಪಿಆರ್ ತುಸು ಇಳಿದಿರುತ್ತದೆ, ಎವಿಆರ್‌ನಲ್ಲಿ ಎಲ್ಲ ಉಲ್ಟಾ. ಇಂಥವನಿಗೆ ಲೈಸ್ ಮಾಡಿದರೆ ಪೊರೆಯೊಳಗೆ ರಕ್ತ ತುಂಬಿಕೊಂಡೀತು. ನಾನು ಇಟ್ಟುಕೊಂಡ ಕಟ್ಟಳೆ ಇದು. ಎವಿಆರ್, ವಿ1 ಬಿಟ್ಟು ಬೇರೆಲ್ಲಾದರೂ ಎಸ್‌ಟಿ ಇಳಿದಿದ್ದರೆ ಪೆರಿಕಾರ್ಡೈಟಿಸ್ ಎಂಬ ಮಾತನ್ನೇ ಎತ್ತಬೇಡ. 2ಕ್ಕಿಂತ 3ರಲ್ಲಿ ಹೆಚ್ಚು ಎದ್ದಿದ್ದರೂ ಎತ್ತಬೇಡ.

ಎದೆಯಿಂದ ಬೆನ್ನಿಗೆ ಸೀಳಿದಂಥ ನೋವು, ಎರಡು ಕೈಯ ಬಿಪಿಯಲ್ಲಿ ಬಹಳ ಅಂತರ, ಇದ್ದರೆ ಕೈ ತಡೆ. ಮಹಾಧಮನಿ ಸೀಳಿ ಬಲ ರಕ್ತನಾಳದ ಬಾಯಿ ಮುಚ್ಚಿದರೂ ಕೆಳಗೋಡೆಯ ಎಸ್‌ಟಿ ಏಳುತ್ತದೆ. ಅಲ್ಲಿ ಲೈಸ್ ಮಾಡಿದರೆ ಸಾವು. ಹಾಗಾಗಿ ಎರಡೂ ಕೈಯ ಬಿಪಿ ನೋಡದೆ ಔಷಧಿಯ ಬಾಟಲಿ ಒಡೆಯಬೇಡ.

ಡಯಾಲಿಸಿಸ್ ತಪ್ಪಿಸಿಕೊಂಡು ಬಂದವರಲ್ಲಿ ಕ್ಯೂಆರ್‌ಎಸ್ ಅಗಲವಾಗಿ, ಟಿ ಚೂಪಾಗಿ, ವಿ1, ವಿ2ರಲ್ಲಿ ಎಸ್‌ಟಿ ಎದ್ದಿದ್ದರೆ ಪೊಟ್ಯಾಸಿಯಂ ಯೋಚಿಸು. ಕ್ಯಾಲ್ಸಿಯಂ ಗ್ಲೂಕೊನೇಟ್ ಕೊಡುತ್ತಿದ್ದಂತೆ ಆ ಗೆರೆ ನಿನ್ನ ಕಣ್ಣೆದುರೇ ಇಳಿಯುವುದುಂಟು. ಕೆಂಪು ಚೇಳು ಕಚ್ಚಿದವರಲ್ಲೂ ಎಸ್‌ಟಿ ಏಳಬಹುದು. ನೀನಿರುವ ಬಯಲುಸೀಮೆಯಲ್ಲಿ ಹೊಲದಿಂದ ಬಂದವರ ಕಾಲ್ಬೆರಳು ನೋಡುವುದನ್ನು ಮರೆಯಬೇಡ. ಮುಂಚೆ ದೊಡ್ಡ ಅಟ್ಯಾಕ್ ಆಗಿ ಗೋಡೆ ಉಬ್ಬಿಹೋದವರಲ್ಲಿ ಆಳವಾದ ಕ್ಯೂ ಅಲೆಯ ಜೊತೆ ಎಸ್‌ಟಿ ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ. ಜ್ವರದಲ್ಲಿ ಬಂದ ಯುವಕನ ವಿ1, ವಿ2ರಲ್ಲಿ ಎಸ್‌ಟಿ ಎದ್ದು ಜಾರಿ ಟಿ ತಲೆಕೆಳಗಾಗಿದ್ದರೆ, ಮನೆಯಲ್ಲಿ ಯಾರಾದರೂ ನಿದ್ದೆಯಲ್ಲೇ ಹೋದರಾ ಎಂದು ಕೇಳು. ಬ್ರುಗಾಡಾ ಸಹೋದರರು 1992ರಲ್ಲಿ ಬರೆದದ್ದು ಇದನ್ನೇ. ಜ್ವರ ಅದನ್ನು ಹೊರಗೆಳೆಯುತ್ತದೆ.

ಎಡ ಬಂಡಲ್ ಬ್ರಾಂಚ್ ಬ್ಲಾಕ್ ಇದ್ದರೆ ಎಸ್‌ಟಿ ಕ್ಯೂಆರ್‌ಎಸ್‌ಗೆ ವಿರುದ್ಧ ದಿಕ್ಕಿಗೆ ಹೋಗುವುದು ಸಹಜ. ಅದೇ ದಿಕ್ಕಿಗೆ ಒಂದು ಮಿಲಿಮೀಟರ್ ಎದ್ದಿದ್ದರೆ ಅದು ಸಹಜವಲ್ಲ. ಎಲೆನಾ ಸ್ಗಾರ್ಬೋಸಾ 1996ರಲ್ಲಿ ಕೊಟ್ಟ ಈ ಒಂದು ಸೂತ್ರ ನೆನಪಿದ್ದರೂ ಬಹಳ ಸಹಾಯ. ಬ್ಲಾಕ್ ಹೊಸದು ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಲೈಸ್ ಮಾಡುತ್ತಿದ್ದ ಕಾಲ ಹೋಯಿತು.

ಗಂಡ ತೀರಿಕೊಂಡ ದಿನವೇ ಎದೆ ಹಿಡಿದುಕೊಂಡು ಬರುವ ವಯಸ್ಸಾದ ಹೆಂಗಸರಿದ್ದಾರೆ. ನಾಳ ಕಟ್ಟಿರದೆ ದುಃಖದ ಹೊಡೆತಕ್ಕೇ ಹೃದಯ ಸೋಲುವ ಆ ಸ್ಥಿತಿಯನ್ನು ಜಪಾನಿನವರು 1990ರಲ್ಲಿ ತಾಕೊತ್ಸುಬೊ ಎಂದು ಗುರುತಿಸಿದರು. ಆದರೆ ಅದನ್ನು ಇಸಿಜಿ ನೋಡಿ ತೀರ್ಮಾನಿಸುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ. ಆಂಜಿಯೋಗ್ರಾಂ ಆಗುವವರೆಗೆ ಅವಳು ಹಾರ್ಟ್ ಅಟ್ಯಾಕಿನ ರೋಗಿಯೇ. ದುಃಖದಿಂದ ಹೀಗಾಗಿದೆ ಅಂತ ಯಾರನ್ನೂ ಮನೆಗೆ ಕಳಿಸಬೇಡ.

ಇಷ್ಟೆಲ್ಲ ಓದಿ, ಅತ್ತೆ ನಿಧಾನ ಮಾಡಲು ಹೇಳುತ್ತಿದ್ದಾಳೆ ಎಂದುಕೊಳ್ಳಬೇಡ. ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಮುಂದೆ ನಿಂತು ಮಾಡಿದ ಕ್ರಿಯೇಟ್ ಅಧ್ಯಯನ 2008ರಲ್ಲಿ ಬಂತು. ದೇಶದ 20,000ಕ್ಕೂ ಹೆಚ್ಚು ರೋಗಿಗಳಲ್ಲಿ ನೂರಕ್ಕೆ 60 ಮಂದಿಗೆ ಎಸ್‌ಟಿ ಎದ್ದ ಅಟ್ಯಾಕೇ ಆಗಿತ್ತು. ಅಧ್ಯಯನದ ರೋಗಿಗಳಲ್ಲಿ ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟಲು ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ತಗೊಂಡಿದ್ದರು. ಮನೆಯಲ್ಲಿ, ದಾರಿಯಲ್ಲಿ, ಸೋಡಾ ಕುಡಿಯುವುದರಲ್ಲಿ ಅಷ್ಟು ಹೊತ್ತು ಹೋಗಿರುತ್ತದೆ. ನಿನ್ನ ಬಾಗಿಲಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಿ ನಿನ್ನ ಕಣ್ಣಿಗೆ ಬೀಳಬೇಕು. ಚೀಟಿ ಮಾಡಿಸುವುದು ಆಮೇಲೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಷ್ಟು ಹತ್ತಿರವಿದ್ದರೆ ಕಳಿಸು. ಇಲ್ಲದಿದ್ದರೆ, ನೋವು ಶುರುವಾಗಿ 12 ಗಂಟೆ ಕಳೆದಿಲ್ಲದಿದ್ದರೆ, ಲೈಸ್ ಮಾಡಿ ಕಳಿಸು. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಮೆದುಳಿನ ರಕ್ತಸ್ರಾವ ಎಂದಾದರೂ ಆಗಿತ್ತೇ, ಇತ್ತೀಚೆಗೆ ಲಕ್ವ ಹೊಡೆದಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ಎಲ್ಲಾದರೂ ರಕ್ತ ಹೋಗುತ್ತಿದೆಯೇ. ಇವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು.

ನೀನು ನಾನಿದ್ದಷ್ಟು ಒಂಟಿಯಲ್ಲ. 2023ರಲ್ಲಿ ಪುನೀತ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೂರದ ತಜ್ಞರ ಕಣ್ಣಿಗೆ ನಿಮಿಷಗಳಲ್ಲಿ ಬೀಳುತ್ತದೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಪುಕ್ಕಟೆ ಸಿಗುತ್ತದೆ. ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಔಷಧಿ, 75 ದಾಟಿದವರಿಗೆ ಅರ್ಧ. ನಮ್ಮ ಕಾಲದ ಒಂದು ಗಂಟೆಯ ಡ್ರಿಪ್ ಇಲ್ಲ. ನನ್ನ ಕಾಲದಲ್ಲಿ ಇದು ಬಂದಿದ್ದರೆ ಎಷ್ಟು ಮನೆ ಉಳಿಯುತ್ತಿತ್ತು ಎಂದು ಲೆಕ್ಕ ಹಾಕಲು ಮನಸ್ಸಾಗುವುದಿಲ್ಲ. ತಜ್ಞರಿಗೆ ಕಳಿಸುವಾಗ ಬರೀ ಇಸಿಜಿ ಕಳಿಸಬೇಡ. ವಯಸ್ಸು, ನೋವು ಶುರುವಾದ ಹೊತ್ತು, ಬಿಪಿ, ಬೆವರು, ಸಕ್ಕರೆ ಕಾಯಿಲೆ ಎಲ್ಲ ಎರಡು ಸಾಲಿನಲ್ಲಿ ಬರೆ. ರೋಗಿಯನ್ನು ನೋಡಿದವಳು ನೀನು, ಅವರಲ್ಲ.

ಪಾಳಿ ಮುಗಿದ ಮೇಲೆ ಊಟ ಬಿಟ್ಟು ಮಲಗುತ್ತೀಯಂತೆ, ನಿನ್ನ ಅಮ್ಮ ಹೇಳಿದಳು. ಅದು ಬೇಡ. ಸಂಕ್ರಾಂತಿಗೆ ಬರಲು ರಜೆ ಸಿಗುತ್ತದೋ ನೋಡು, ಸಿಗದಿದ್ದರೆ ನಾನೇ ಬರುತ್ತೇನೆ. ಅಷ್ಟರೊಳಗೆ ಒಂದು ಕೆಲಸ ಮಾಡು. ಇವತ್ತು ಪಾಳಿಗೆ ಹೋದ ಕೂಡಲೇ ಔಷಧಿಯ ಬೀರು ತೆರೆಸಿ, ಟೆನೆಕ್ಟೆಪ್ಲೇಸ್ ಎಷ್ಟಿದೆ, ಅವಧಿ ಯಾವಾಗ ಮುಗಿಯುತ್ತದೆ, ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ನೋಡಿಕೊಂಡು ನನಗೆ ಫೋನ್ ಮಾಡು.

ನಿನ್ನ
ಅತ್ತೆ